ವಿಮಾನಚಾಲಕರ ನಿವೃತ್ತಿವಯಸ್ಸಿನ ವಿಚಾರ

ಮನುಷ್ಯನು ಯಾವ ವಯಸ್ಸಿನಲ್ಲಿ ತನ್ನ ವೃತ್ತಿಯನ್ನು ಬಿಡತಕ್ಕದ್ದೆಂಬ ಪ್ರಶ್ನೆಯು ನಮ್ಮ ಶಾಸ್ತ್ರಗ್ರಂಥಗಳಿಗೆ ಹೊಸದಲ್ಲ. ಮನುಸ್ಮೃತಿಯ ಆರನೆಯ ಅಧ್ಯಾಯದ ಆರಂಭದಲ್ಲಿ, ಗೃಹಸ್ಥನು ವನಕ್ಕೆ ಹೊರಡಬೇಕಾದ ಕಾಲವನ್ನು ವಿಧಿಸುವಾಗ, ಸ್ಮೃತಿಕಾರನು ವರ್ಷಗಳ ಸಂಖ್ಯೆಯನ್ನು ಹೇಳಲಿಲ್ಲ. ಮೈಯ ಸುಕ್ಕು, ತಲೆಯ ನರೆ, ಮಕ್ಕಳ ಮಕ್ಕಳ ಮುಖದರ್ಶನ, ಈ ಚಿಹ್ನೆಗಳನ್ನು ಹೇಳಿದನು. ಚಿಹ್ನೆಗಳನ್ನು ಕಂಡು ತಿಳಿಯಬೇಕಾದವನೂ ಆ ಗೃಹಸ್ಥನೇ ಹೊರತು ಮತ್ತೊಬ್ಬನಲ್ಲ. ಈಗಿನ ರಾಜಶಾಸನಗಳಾದರೋ ಚಿಹ್ನೆಯನ್ನು ಬಿಟ್ಟು ಸಂಖ್ಯೆಯನ್ನು ಹಿಡಿದಿವೆ. ಜನ್ಮದಿನವನ್ನು ದಫ್ತರದಲ್ಲಿ ನೋಡಿ, ಇಂಥ ದಿನದ ಅಪರಾಹ್ಣಕ್ಕೆ ನೀನು ಅಶಕ್ತನಾದೆಯೆಂದು ಹೇಳುವುದು ಇವುಗಳ ಕ್ರಮ. ಈ ಎರಡು ಕ್ರಮಗಳ ತಾರತಮ್ಯವನ್ನು ಅರಿಯಬೇಕಾದರೆ, ಚಾಲಕನೊಬ್ಬನು ತಪ್ಪಿದಲ್ಲಿ ನೂರಾರು ಜನರ ಪ್ರಾಣವು ಕ್ಷಣಮಾತ್ರದಲ್ಲಿ ಹೋಗತಕ್ಕ ಉದ್ಯೋಗವೊಂದನ್ನು ತೆಗೆದುಕೊಂಡು ನೋಡುವುದು ಯುಕ್ತ. ಪ್ರಯಾಣಿಕರನ್ನು ಒಯ್ಯುವ ವಿಮಾನಗಳ ಚಾಲಕರಿಗೆ ವಿಧಿಸಿರುವ ವಯೋಮಿತಿಯನ್ನು ಏರಿಸಬೇಕೇ ಬೇಡವೇ ಎಂಬ ವಿವಾದವು ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದು ಇನ್ನೂ ಮುಗಿಯದಿರುವುದರಿಂದ, ಅದರ ಪೂರ್ವಪಕ್ಷ ಸಿದ್ಧಾಂತಗಳನ್ನು ಇಲ್ಲಿ ವಿವರಿಸಲು ಉದ್ದೇಶಿಸಿದ್ದೇನೆ.

ಮೊದಲು ಒಂದು ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಒಡೆಯನು ತನ್ನ ಕೆಲಸಗಾರನನ್ನು ಇಂಥ ವಯಸ್ಸಿಗೆ ಬಿಡಿಸುವುದು ಒಂದು. ಆ ವಯಸ್ಸಿನ ಮೇಲೆ ಯಾವ ಒಡೆಯನ ಕೈಕೆಳಗೂ ಆ ಕೆಲಸವನ್ನು ಮಾಡಕೂಡದೆಂದು ರಾಜ್ಯವು ನಿಷೇಧಿಸುವುದು ಬೇರೊಂದು. ಮೊದಲನೆಯದು ಒಪ್ಪಂದಕ್ಕೆ ಸೇರಿದುದು, ಎರಡನೆಯದು ವಿಧಿ. ನಮ್ಮ ದೇಶದ ಏರ್ ಇಂಡಿಯಾ ಸಂಸ್ಥೆಯಲ್ಲಿ ಚಾಲಕರ ನಿವೃತ್ತಿಯು ಬಹುಕಾಲ ೫೮ಕ್ಕೆ ನಿಂತಿತ್ತು. ೨೦೨೫ರಲ್ಲಿ ಅದನ್ನು ೬೫ಕ್ಕೆ ಏರಿಸಿದರು. ಆದರೆ ೫೮ ತುಂಬಿದ ಚಾಲಕನು ಅದಕ್ಕೆ ಮುಂಚೆಯೂ ಬೇರೆ ಸಂಸ್ಥೆಯನ್ನು ಸೇರಿ ಹಾರಿಸಲು ಕಾಯಿದೆಯ ಅಡ್ಡಿ ಇರಲಿಲ್ಲ. ಪ್ರಕೃತ ವಿಚಾರವು ಮುಖ್ಯವಾಗಿ ಎರಡನೆಯ ಬಗೆಯ ಮಿತಿಯನ್ನು, ಎಂದರೆ ಯಾರ ಒಪ್ಪಂದದಿಂದಲೂ ದಾಟಲಾಗದ ಮಿತಿಯನ್ನು, ಕುರಿತದ್ದು.

ಇದರ ಮೂಲವು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿದೆ. ೧೯೫೮ರಲ್ಲಿ ಆ ದೇಶದಲ್ಲಿ ವಿಮಾನಯಾನದ ಮೇಲ್ವಿಚಾರಣೆಗಾಗಿ ಒಂದು ಹೊಸ ಇಲಾಖೆಯು ಸ್ಥಾಪಿತವಾಯಿತು. ಅದರ ಮೊದಲನೆಯ ಅಧಿಕಾರಿ ಎಲ್‌ವುಡ್ ಕ್ವೆಸಾಡಾ, ವಾಯುಸೇನೆಯಲ್ಲಿ ಸೇನಾನಿಯಾಗಿ ನಿವೃತ್ತನಾದವನು. ಆಗ ಜೆಟ್ ವಿಮಾನಗಳು ಹೊಸದಾಗಿ ಬಂದಿದ್ದವು. ೧೯೫೯ರ ಜನವರಿಯಲ್ಲಿ ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು ಬೋಯಿಂಗ್ ೭೦೭ ವಿಮಾನಗಳಿಂದ ಆ ಖಂಡದ ಈ ಕರೆಯಿಂದ ಆ ಕರೆಗೆ ಸಂಚಾರವನ್ನು ಆರಂಭಿಸಿತು. ಅದೇ ಸಂಸ್ಥೆಗೂ ಅದರ ಚಾಲಕರಿಗೂ ವಯಸ್ಸಿನ ವಿಷಯದಲ್ಲಿ ಜಗಳವೂ ನಡೆದಿತ್ತು. ೬೦ ತುಂಬಿದ ಕೆಲವರನ್ನು ಸಂಸ್ಥೆಯು ಬಿಡಿಸಿದಾಗ ಅವರು ಮಧ್ಯಸ್ಥರ ಮುಂದೆ ಹೋದರು. ಮಧ್ಯಸ್ಥರು ಚಾಲಕರ ಪರವಾಗಿ ತೀರ್ಪು ಕೊಟ್ಟರು. ಆಮೇಲೆ ಸಂಸ್ಥೆಯ ಅಧ್ಯಕ್ಷನಾದ ಸಿ. ಆರ್. ಸ್ಮಿತ್ ಎಂಬಾತನು ೧೯೫೯ರ ಆದಿಯಲ್ಲಿ ಕ್ವೆಸಾಡಾನಿಗೆ ಪತ್ರ ಬರೆದು, ೬೦ರ ಮಿತಿಯನ್ನು ಸರ್ಕಾರವೇ ವಿಧಿಸಬೇಕೆಂದು ಕೇಳಿಕೊಂಡನು. ಆ ವರ್ಷದ ಡಿಸೆಂಬರಿನಲ್ಲಿ ವಿಧಿಯು ಪ್ರಕಟವಾಗಿ, ೧೯೬೦ರ ಮಾರ್ಚಿ ೧೫ರಿಂದ ಜಾರಿಗೆ ಬಂದಿತು. ಕ್ವೆಸಾಡಾನು ಅಧಿಕಾರವನ್ನು ಬಿಟ್ಟು ೧೯೬೧ರಲ್ಲಿ ಅದೇ ಸಂಸ್ಥೆಯ ನಿರ್ದೇಶಕ ಮಂಡಲಿಯನ್ನು ಸೇರಿದನು.

ಮೀಮಾಂಸಾಶಾಸ್ತ್ರವನ್ನು ಓದಿದವರಿಗೆ ಇಲ್ಲಿ ಜೈಮಿನಿಯ ಪ್ರಥಮಾಧ್ಯಾಯದ ಸ್ಮೃತಿಪಾದವು ನೆನಪಿಗೆ ಬರದೆ ಇರಲಾರದು. ಯಜ್ಞದಲ್ಲಿ ಉಪಯೋಗಿಸಿದ ವಸ್ತ್ರವನ್ನು ಅಧ್ವರ್ಯುವು ತೆಗೆದುಕೊಳ್ಳತಕ್ಕದ್ದೆಂಬ ಸ್ಮೃತಿಯು ಪ್ರಮಾಣವೇ ಎಂದು ಶಂಕಿಸಿ, ಅದರ ಬುಡದಲ್ಲಿ ಋತ್ವಿಜರ ಲೋಭವೆಂಬ ಕಾರಣವು ಪ್ರತ್ಯಕ್ಷವಾಗಿ ಕಾಣುತ್ತಿರುವುದರಿಂದ ಅದಕ್ಕೆ ವೇದಮೂಲವನ್ನು ಊಹಿಸಬೇಕಾಗಿಲ್ಲವೆಂದು ಶಬರಸ್ವಾಮಿಯು ಹೇಳುತ್ತಾನೆ. ಅರುವತ್ತರ ವಿಧಿಯನ್ನು ಖಂಡಿಸುವವರೂ ಈ ಅರುವತ್ತು ವರ್ಷಗಳಿಂದ ಇದೇ ವಾದವನ್ನು ಮಾಡುತ್ತ ಬಂದಿದ್ದಾರೆ. ಹೆಚ್ಚು ಸಂಬಳ ಪಡೆಯುತ್ತಿದ್ದ ಹಳಬರನ್ನು ಬಿಡಿಸಿ, ಸೇನೆಯಿಂದ ಬಂದ ಎಳೆಯರನ್ನು ಕಡಮೆ ಸಂಬಳಕ್ಕೆ ತೆಗೆದುಕೊಳ್ಳುವ ಲಾಭವು ಸಂಸ್ಥೆಗಳಿಗೆ ಇತ್ತೆಂಬುದು ಅವರ ಹೇತು. ಹೇತುವು ಬಲವಾದುದೇ. ಆದರೂ ಶಬರನ ನ್ಯಾಯವನ್ನು ಇಲ್ಲಿ ಹಾಗೆಯೇ ತಂದಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಸ್ಮೃತಿಗೆ ಊಹಿತವಾದ ಶ್ರುತಿಯಲ್ಲದೆ ಬೇರೆ ಆಧಾರವಿಲ್ಲ. ಆದುದರಿಂದ ಲೋಭವು ಕಂಡೊಡನೆ ಆ ಊಹೆಯು ಬೀಳುತ್ತದೆ. ವಿಮಾನದ ವಿಧಿಗಾದರೋ ಪ್ರತ್ಯಕ್ಷಾನುಮಾನಗಳಿಂದ ಪರೀಕ್ಷಿಸತಕ್ಕ ದೃಷ್ಟಫಲವಿದೆ. ಲೋಭಿಯು ಹೇಳಿದ ಮಾತೂ ನಿಜವಾಗಿರಬಹುದು. ಸ್ಮಿತ್ತನ ಪತ್ರವು ನಮ್ಮನ್ನು ಎಚ್ಚರಿಸುತ್ತದೆ. ಆದರೆ ತೀರ್ಮಾನವನ್ನು ಕೊಡುವುದಿಲ್ಲ.

ಚಾಲಕರ ಸಂಘವು ೧೯೬೦ರಲ್ಲಿಯೇ ನ್ಯಾಯಸ್ಥಾನಕ್ಕೆ ಹೋಯಿತು; ಇಂಥ ವಿಷಯಗಳಲ್ಲಿ ತಜ್ಞ ಇಲಾಖೆಯ ಅಭಿಪ್ರಾಯವನ್ನು ಮೀರಿ ಹೋಗಲಾಗದೆಂದು ನ್ಯಾಯಸ್ಥಾನವು ವಿಧಿಯನ್ನು ಎತ್ತಿಹಿಡಿಯಿತು. ಅದಕ್ಕಿಂತ ಸ್ವಾರಸ್ಯವಾದದ್ದು ಮುಂದೆ ೧೯೮೧ರಲ್ಲಿ ಆ ದೇಶದ ವೈದ್ಯಪಂಡಿತರ ಸಮಿತಿಯೊಂದು ಕೊಟ್ಟ ಅಭಿಪ್ರಾಯ. ೬೦ ಎಂಬ ಸಂಖ್ಯೆಗೆ ವೈದ್ಯಶಾಸ್ತ್ರದಲ್ಲಿ ವಿಶೇಷವಾದ ಅರ್ಥವೇನೂ ಇಲ್ಲವೆಂದು ಆ ಸಮಿತಿಯು ಒಪ್ಪಿಕೊಂಡಿತು. ಒಪ್ಪಿಕೊಂಡೂ, ಮಿತಿಯನ್ನು ಹಾಗೆಯೇ ಇಟ್ಟುಕೊಳ್ಳಬೇಕೆಂದು ಸಲಹೆ ಮಾಡಿತು. ಕಾರಣವೇನೆಂದರೆ, ಯಾವ ಚಾಲಕನು ಸಮರ್ಥನಾಗಿ ಉಳಿದಿದ್ದಾನೆ, ಯಾವನು ಉಳಿದಿಲ್ಲವೆಂದು ಒಬ್ಬೊಬ್ಬರನ್ನೇ ನಿಶ್ಚಯವಾಗಿ ಬೇರ್ಪಡಿಸತಕ್ಕ ಪರೀಕ್ಷೆಯು ಆಗ ಇರಲಿಲ್ಲ. ಅಂದರೆ ಚಿಹ್ನೆಯನ್ನು ಓದಲು ಬಾರದ ಕಾರಣ ಸಂಖ್ಯೆಯನ್ನು ಹಿಡಿದರು. ಮನುವಿನ ಗೃಹಸ್ಥನು ತನ್ನ ನರೆಯನ್ನು ತಾನೇ ಕನ್ನಡಿಯಲ್ಲಿ ನೋಡಬಲ್ಲನು. ಚಾಲಕನ ಹೃದಯದೊಳಗಿನ ನಾಳವನ್ನು ನೋಡುವ ಕನ್ನಡಿಯು ಸುಲಭವಲ್ಲ. ನಮ್ಮವರೂ ಅರುವತ್ತಕ್ಕೆ ಅರಳುಮರಳು ಎಂದು ಗಾದೆಯ ಮಾತಿನಲ್ಲಿ ಅದೇ ಸಂಖ್ಯೆಯನ್ನು ಹೇಳಿದ್ದಾರೆ. ಆದರೆ ಅದು ಪ್ರಭವಾದಿ ಸಂವತ್ಸರಚಕ್ರವು ಒಂದು ಸುತ್ತು ಮುಗಿಯುವುದನ್ನು ಅನುಸರಿಸಿ ಬಂದದ್ದಿರಬೇಕು. ಅಮೆರಿಕಾದವರಿಗೆ ಸಂವತ್ಸರಚಕ್ರವಿಲ್ಲ. ಅವರಿಗೆ ಇದ್ದುದು ಹತ್ತರ ಗುಣಕವೊಂದು ಮಾತ್ರ.

ಇನ್ನು ವಾದದ ಒಡಲಿಗೆ ಬರೋಣ. ತರ್ಕದ ರೀತಿಯಲ್ಲಿ ಹೇಳುವುದಾದರೆ, ಈ ಚಾಲಕನು ಪಕ್ಷ, ಅಸಾಮರ್ಥ್ಯವು ಸಾಧ್ಯ, ಷಷ್ಟಿವರ್ಷಪೂರ್ತಿಯು ಹೇತು. ಈ ಹೇತುವು ಸವ್ಯಭಿಚಾರವೆಂಬುದನ್ನು ತರ್ಕಸಂಗ್ರಹವನ್ನು ಓದಿದ ಬಾಲಕನೂ ಹೇಳಬಲ್ಲನು; ಅರುವತ್ತು ತುಂಬಿಯೂ ಸಮರ್ಥರಾದವರಿದ್ದಾರೆ, ತುಂಬದೆಯೇ ಅಸಮರ್ಥರಾದವರಿದ್ದಾರೆ. ಆದರೆ ವಿಧಿಯನ್ನು ಮಾಡುವವನು ವ್ಯಾಪ್ತಿಯನ್ನು ಬಯಸುವುದಿಲ್ಲ, ಸಂಭಾವನೆಯನ್ನು ಬಯಸುತ್ತಾನೆ. ಎಷ್ಟು ಸಂಭಾವನೆಯಾದರೆ ಸಹಿಸಬಹುದೆಂಬುದೇ ನಿಜವಾದ ಪ್ರಶ್ನೆ. ಇದಕ್ಕೆ ವಿಮಾನವೈದ್ಯರು ಒಂದು ಲೆಕ್ಕವನ್ನು ಹಾಕಿದ್ದಾರೆ. ಶೇಕಡಾ ಒಂದರ ನಿಯಮವೆಂದು ಅದಕ್ಕೆ ಹೆಸರು. ೧೯೮೦ರ ದಶಕದಲ್ಲಿ ಯುರೋಪಿನ ಹೃದ್ರೋಗತಜ್ಞರಲ್ಲಿ ಅದು ರೂಪುಗೊಂಡಿತು. ಈ ಲೆಕ್ಕವು ಅಂದವಾದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಯಾವ ಕಾರಣದಿಂದಲಾದರೂ ಆಗಲಿ, ಪ್ರಾಣಹಾನಿಯ ಅಪಘಾತವು ಒಂದು ಕೋಟಿ ಹಾರಾಟದ ಗಂಟೆಗಳಿಗೆ ಒಂದಕ್ಕಿಂತ ಹೆಚ್ಚಾಗಬಾರದೆಂಬುದು ಗುರಿ. ಅದರಲ್ಲಿ ಚಾಲಕನ ಶರೀರವು ಹಠಾತ್ತನೆ ಕೈಕೊಡುವುದರಿಂದ ಆಗತಕ್ಕದ್ದು ನೂರರಲ್ಲಿ ಒಂದು ಪಾಲನ್ನು ಮೀರಬಾರದು. ಎಂದರೆ ನೂರು ಕೋಟಿ ಗಂಟೆಗಳಿಗೆ ಒಂದು. ಈಗ ಚಾಲಕನೊಬ್ಬನಿಗೆ ಒಂದು ವರ್ಷದಲ್ಲಿ ಹೀಗಾಗುವ ಸಂಭವವು ನೂರಕ್ಕೆ ಒಂದೆಂದು ಇಟ್ಟುಕೊಳ್ಳಿ. ವರ್ಷಕ್ಕೆ ೮,೭೬೦ ಗಂಟೆಗಳು. ಸ್ಥೂಲವಾಗಿ ಹತ್ತು ಸಾವಿರ. ಆದುದರಿಂದ ಹತ್ತು ಲಕ್ಷ ಗಂಟೆಗಳಿಗೆ ಒಂದು ಸಲ ಅವನಿಗೆ ಶರೀರವು ತಪ್ಪುತ್ತದೆ. ಆದರೆ ಹಾರಾಟದ ಎಲ್ಲ ಕಾಲವೂ ಅಪಾಯದ್ದಲ್ಲ. ನೆಲವನ್ನು ಬಿಡುವ ಮತ್ತು ನೆಲಕ್ಕೆ ಇಳಿಯುವ ಹೊತ್ತೇ ಕಠಿಣವಾದುದು, ಅದು ಹತ್ತರಲ್ಲಿ ಒಂದು ಭಾಗ. ಅದರಿಂದ ಕೋಟಿ ಗಂಟೆಗಳಿಗೆ ಒಂದಾಯಿತು. ಅಂಥ ಕಠಿಣಕಾಲದಲ್ಲಿಯೂ ಪಕ್ಕದಲ್ಲಿ ಮತ್ತೊಬ್ಬ ಚಾಲಕನಿದ್ದಾನೆ. ಅವನು ಕೈಹಾಕಿ ಸಂಭಾಳಿಸಲಾರದೆ ಹೋಗುವುದು ನೂರಕ್ಕೆ ಒಂದು ಸಲವೆಂದು ಕೃತಕ ವಿಮಾನಗಳಲ್ಲಿ ನಡೆಸಿದ ಪ್ರಯೋಗಗಳಿಂದ ತೆಗೆದುಕೊಂಡರು. ಆಗ ನೂರು ಕೋಟಿ ಗಂಟೆಗಳಿಗೆ ಒಂದಾಗಿ ಲೆಕ್ಕವು ಗುರಿಯಲ್ಲಿ ಬಂದು ನಿಂತಿತು.

ಈ ಲೆಕ್ಕದಲ್ಲಿ ವಯಸ್ಸಿನ ಹೆಸರೇ ಇಲ್ಲದಿರುವುದನ್ನು ವಾಚಕರು ಗಮನಿಸಬೇಕು. ವಯಸ್ಸು ಏರಿದಂತೆಲ್ಲ ಹೃದ್ರೋಗದ ಸಂಭವವು ಏರುತ್ತದೆಂಬುದು ಸತ್ಯ. ಆದರೆ ರಕ್ತದ ಒತ್ತಡ, ಹೊಗೆಬತ್ತಿ, ಸಕ್ಕರೆಯ ರೋಗ, ಮನೆತನದ ದೋಷ ಇವೂ ಅದನ್ನು ಏರಿಸುತ್ತವೆ. ಹಾಗಾಗಿ ೫೦ರ ರೋಗಿಯು ೬೬ರ ಆರೋಗ್ಯವಂತನಿಗಿಂತ ಆಚೆ ಇರಬಹುದು. ಮತ್ತೊಂದು ಸಂಗತಿ: ಇಡೀ ಕಟ್ಟಡವು ಎರಡನೆಯ ಚಾಲಕನ ಮೇಲೆ ನಿಂತಿದೆ. ಒಬ್ಬನೇ ಚಾಲಕನಿರುವ ವಾಣಿಜ್ಯವಿಮಾನಗಳಿಗೆ ಅಂತರರಾಷ್ಟ್ರೀಯ ನಿಯಮವು ಈಗಲೂ ೬೦ನ್ನೇ ಇಟ್ಟಿರುವುದಕ್ಕೆ ಇದೇ ಕಾರಣ.

ಲೋಕದ ಅನುಭವವೂ ಈ ಲೆಕ್ಕಕ್ಕೆ ಅನುಕೂಲವಾಗಿದೆ. ೨೦೦೯ರ ಜೂನ್ ೧೮ರಂದು ಬ್ರಸೆಲ್ಸ್ ನಗರದಿಂದ ನ್ಯೂಆರ್ಕಿಗೆ ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿದ್ದ ಕಾಂಟಿನೆಂಟಲ್ ಸಂಸ್ಥೆಯ ವಿಮಾನದಲ್ಲಿ ೬೦ ವರ್ಷದ ನಾಯಕನು ಪೀಠದಲ್ಲಿಯೇ ಮೃತನಾದನು. ಉಳಿದ ಚಾಲಕರು ವಿಮಾನವನ್ನು ಸುರಕ್ಷಿತವಾಗಿ ಇಳಿಸಿದರು. ಹೆಚ್ಚಿನ ಪ್ರಯಾಣಿಕರಿಗೆ ಸಂಗತಿಯು ತಿಳಿದದ್ದು ಇಳಿದ ಮೇಲೆ. ವಯೋಮಿತಿಯನ್ನು ಏರಿಸಿ ಎರಡು ವರ್ಷವೂ ಆಗಿರಲಿಲ್ಲವಾದುದರಿಂದ, ನೋಡಿದಿರಾ ಎಂದವರು ಅನೇಕರು. ಆದರೆ ೨೦೧೫ರ ಅಕ್ಟೋಬರಿನಲ್ಲಿ ಫೀನಿಕ್ಸಿನಿಂದ ಬಾಸ್ಟನ್ನಿಗೆ ಹೋಗುತ್ತಿದ್ದ ವಿಮಾನದಲ್ಲಿ ಹೀಗೆಯೇ ತೀರಿಕೊಂಡ ನಾಯಕನಿಗೆ ೫೭. ೨೦೨೪ರ ಅಕ್ಟೋಬರಿನಲ್ಲಿ ಸಿಯಾಟಲಿನಿಂದ ಇಸ್ತಾಂಬುಲಿಗೆ ಹೊರಟಿದ್ದ ವಿಮಾನದ ನಾಯಕನಿಗೆ ೫೯. ಎರಡು ಸಲವೂ ಜೊತೆಯವರು ಇಳಿಸಿದರು. ಮೃತ್ಯುವು ಮಿತಿಯ ಈಚೆಗೂ ಬಂದಿತು, ಆಚೆಗೂ ಬಂದಿತು.

ಹಠಾತ್ತಾದ ಅಸಾಮರ್ಥ್ಯಕ್ಕಿಂತ ಮೆಲ್ಲಗೆ ಬರುವ ಅಸಾಮರ್ಥ್ಯವು ನನಗೆ ಹೆಚ್ಚು ಕಠಿಣವಾದ ಪ್ರಶ್ನೆಯಾಗಿ ತೋರುತ್ತದೆ. ಹೃದಯವು ನಿಂತರೆ ಪಕ್ಕದವನಿಗೆ ಕಾಣುತ್ತದೆ. ಬುದ್ಧಿಯ ಚುರುಕು ಒಂದು ಕೂದಲೆಳೆಯಷ್ಟು ತಗ್ಗಿದರೆ ತನಗೇ ಕಾಣುವುದಿಲ್ಲ. ಇದಕ್ಕೆ ಎದುರಾಗಿ ನಿಲ್ಲುವುದು ಅನುಭವ. ನಾನು ತರ್ಕವನ್ನು ಓದಿದ ಪಾಠಶಾಲೆಯ ಗುರುಗಳಿಗೆ ಆಗ ಎಂಬತ್ತರ ಹತ್ತಿರ. ಪುಸ್ತಕದ ಅಕ್ಷರವು ಕಾಣುತ್ತಿರಲಿಲ್ಲ, ಹೊಸ ಶಿಷ್ಯರ ಹೆಸರುಗಳು ಅದಲುಬದಲಾಗುತ್ತಿದ್ದವು. ಆದರೆ ನಮ್ಮಲ್ಲಿ ಯಾರಾದರೂ ಪಂಕ್ತಿಯನ್ನು ಓದುವಾಗ ಒಂದು ಚಕಾರವನ್ನು ಬಿಟ್ಟರೆ ಕೈಯೆತ್ತಿ ನಿಲ್ಲಿಸುತ್ತಿದ್ದರು. ಯಾವುದು ಕಳೆದಿತ್ತು, ಯಾವುದು ಉಳಿದಿತ್ತು ಎಂಬುದನ್ನು ಆಗ ಯೋಚಿಸಲಿಲ್ಲ. ನನಗೂ ಈಗ ಐವತ್ತೇಳು ನಡೆಯುತ್ತಿರುವುದರಿಂದ ಯೋಚಿಸುತ್ತೇನೆ. ಆದರೆ ಪಾಠಶಾಲೆಯು ನೆಲದ ಮೇಲಿದೆ, ಅಲ್ಲಿ ತಪ್ಪಿದ ಹೆಸರಿನಿಂದ ಯಾರೂ ಸಾಯುವುದಿಲ್ಲವೆಂಬ ಭೇದವನ್ನು ಮರೆಯಲಾಗದು.

ಈ ವಿಷಯದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ೨೦೦೭ರಲ್ಲಿ ಪ್ರಕಟಿಸಿದ ಪ್ರಯೋಗವು ಉಲ್ಲೇಖಾರ್ಹವಾದುದು. ೪೦ರಿಂದ ೬೯ ವಯಸ್ಸಿನ ೧೧೮ ಚಾಲಕರನ್ನು ಮೂರು ವರ್ಷಗಳ ಕಾಲ ಕೃತಕ ವಿಮಾನದಲ್ಲಿ ಪರೀಕ್ಷಿಸಿದರು. ಮೊದಲ ಪರೀಕ್ಷೆಯಲ್ಲಿ ಹಿರಿಯರು ಕಿರಿಯರಿಗಿಂತ ಕೆಳಗಿದ್ದರು. ಆದರೆ ವರ್ಷಗಳು ಕಳೆದಂತೆ ಹಿರಿಯರಲ್ಲಿ ಇಳಿತವು ಕಿರಿಯರಲ್ಲಿಗಿಂತ ಕಡಮೆಯಾಗಿ ಕಂಡಿತು; ಹೆಚ್ಚಿನ ದರ್ಜೆಯ ಅರ್ಹತೆಯನ್ನು ಪಡೆದಿದ್ದವರಲ್ಲಿ ಇನ್ನೂ ಕಡಮೆ. ಇದನ್ನು ಎರಡು ಪಕ್ಷದವರೂ ತಮ್ಮ ತಮ್ಮ ಪ್ರಮಾಣವಾಗಿ ಉದಾಹರಿಸುತ್ತಾರೆ, ಅದೂ ನ್ಯಾಯವೇ. ಮೊದಲ ವಾಕ್ಯವು ಒಬ್ಬರಿಗೆ, ಎರಡನೆಯದು ಮತ್ತೊಬ್ಬರಿಗೆ. ಅನುಭವದ ಪಕ್ಷಕ್ಕೆ ಲೋಕಪ್ರಸಿದ್ಧವಾದ ದೃಷ್ಟಾಂತಗಳೂ ಇವೆ. ೧೯೮೯ರ ಫೆಬ್ರವರಿಯಲ್ಲಿ ಹೊನೊಲುಲುವಿನಿಂದ ಹೊರಟ ಯುನೈಟೆಡ್ ಸಂಸ್ಥೆಯ ಬೋಯಿಂಗ್ ೭೪೭ರ ಸರಕಿನ ಬಾಗಿಲು ಕಿತ್ತುಹೋಗಿ ಒಂಬತ್ತು ಮಂದಿ ಪ್ರಯಾಣಿಕರು ನಷ್ಟವಾದಾಗ, ಎರಡು ಯಂತ್ರಗಳು ಕೆಟ್ಟಿದ್ದ ಆ ವಿಮಾನವನ್ನು ಹಿಂದಕ್ಕೆ ತಂದು ಉಳಿದವರನ್ನು ಬದುಕಿಸಿದ ಡೇವಿಡ್ ಕ್ರೋನಿನ್ನನಿಗೆ ೫೯ ವರ್ಷ. ೨೦೦೯ರ ಜನವರಿ ೧೫ರಂದು ಹಡ್ಸನ್ ನದಿಯ ಮೇಲೆ ವಿಮಾನವನ್ನು ಇಳಿಸಿ ೧೫೫ ಜನರನ್ನೂ ಉಳಿಸಿದ ಸಲೆನ್‌ಬರ್ಗರನಿಗೆ ೫೮ ತುಂಬಲು ಎಂಟು ದಿನ ಉಳಿದಿತ್ತು. ಕ್ರೋನಿನ್ನನ ಕೈಯೂ ಕಣ್ಣೂ ಮುಂದಿನ ಜನ್ಮದಿನದಂದು ಬೇರೆಯಾಗುತ್ತಿರಲಿಲ್ಲ. ಕಾಯಿದೆಯು ಮಾತ್ರ ಬೇರೆಯಾಗುತ್ತಿತ್ತು. ಆದರೆ ದೃಷ್ಟಾಂತದಿಂದ ವ್ಯಾಪ್ತಿಯು ಸಿದ್ಧಿಸುವುದಿಲ್ಲವೆಂಬುದನ್ನು ಇವರಿಗೂ ಹೇಳಬೇಕಾಗುತ್ತದೆ.

ಹಾಗಾದರೆ ಮಿತಿಯಾಚೆಯ ಚಾಲಕರ ಅಪಘಾತಗಳನ್ನೇ ಎಣಿಸಿ ನೋಡಬಾರದೇ ಎಂದರೆ, ಇಲ್ಲಿ ಅನ್ಯೋನ್ಯಾಶ್ರಯದೋಷವು ಬಂದೊದಗುತ್ತದೆ. ಪ್ರಮಾಣವಿಲ್ಲದೆ ಮಿತಿಯನ್ನು ಏರಿಸುವುದಿಲ್ಲ. ಮಿತಿಯನ್ನು ಏರಿಸದೆ ಪ್ರಮಾಣವು ಹುಟ್ಟುವುದಿಲ್ಲ. ಅಮೆರಿಕಾದಲ್ಲಿ ಅರುವತ್ತು ದಾಟಿದ ಚಾಲಕರು ವಿನಾಯಿತಿ ಬೇಡಿ ಅರ್ಜಿಗಳನ್ನು ಹಾಕುತ್ತ ಬಂದರು, ಇಲಾಖೆಯು ತಳ್ಳಿಹಾಕುತ್ತ ಬಂದಿತು. ನನ್ನ ಅಭಿಪ್ರಾಯದಲ್ಲಿ ಆ ಇಲಾಖೆಯ ದೊಡ್ಡ ತಪ್ಪು ೬೦ನ್ನು ಆರಿಸಿದ್ದಲ್ಲ. ಪರೀಕ್ಷೆಗೆ ಒಳಪಟ್ಟ ಕೆಲವರಿಗಾದರೂ ಅನುಮತಿಯನ್ನಿತ್ತು ಈ ಗಂಟನ್ನು ಬಿಡಿಸುವ ದಾರಿಯನ್ನು ತಾನೇ ಮುಚ್ಚಿಕೊಂಡದ್ದು.

ಗಂಟು ಸಡಿಲಿದ್ದು ಹೊರಗಿನಿಂದ. ಮಾಂಟ್ರಿಯಲ್ ನಗರದಲ್ಲಿರುವ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ೨೦೦೬ರ ನವೆಂಬರಿನಲ್ಲಿ ತನ್ನ ನಿಯಮವನ್ನು ತಿದ್ದಿ, ಜೊತೆಯ ಚಾಲಕನು ೬೦ರ ಒಳಗಿದ್ದರೆ ನಾಯಕನು ೬೫ರವರೆಗೆ ಇರಬಹುದೆಂದಿತು. ಆಗ ಅನ್ಯದೇಶಗಳ ೬೩ ವರ್ಷದ ನಾಯಕನು ನ್ಯೂಯಾರ್ಕಿನಲ್ಲಿ ವಿಮಾನವನ್ನು ಇಳಿಸಬಹುದಾಗಿತ್ತು. ಅಮೆರಿಕಾದ ೬೦ರವನು ತನ್ನ ಊರಿನಲ್ಲಿಯೇ ಇಳಿಸುವಂತಿರಲಿಲ್ಲ. ಈ ವೈಷಮ್ಯವನ್ನು ಬಹುಕಾಲ ಸಮರ್ಥಿಸಲಾಗಲಿಲ್ಲ. ೨೦೦೭ರ ಡಿಸೆಂಬರ್ ೧೩ರಂದು ಅಧ್ಯಕ್ಷ ಬುಷ್ ಅವರ ಸಹಿಯಿಂದ ಅಲ್ಲಿಯೂ ೬೫ ಜಾರಿಗೆ ಬಂದಿತು. ಜೊತೆಯವನ ವಯಸ್ಸಿನ ನಿರ್ಬಂಧವನ್ನು ಅಂತರರಾಷ್ಟ್ರೀಯ ಸಂಸ್ಥೆಯು ೨೦೧೪ರಲ್ಲಿ ತೆಗೆದುಹಾಕಿತು.

ಚಾಲಕರ ಸಂಘದ ನಡೆಯು ಇಲ್ಲಿ ಬಹಳ ವಿನೋದವಾದುದು. ೧೯೬೦ರಲ್ಲಿ ವಿಧಿಯನ್ನು ವಿರೋಧಿಸಿದ ಸಂಘವು ೧೯೮೦ರಲ್ಲಿ ಅದನ್ನು ಬೆಂಬಲಿಸಲಾರಂಭಿಸಿ, ೨೦೦೭ರಲ್ಲಿ ಮತ್ತೆ ತಿರುಗಿ ೬೫ಕ್ಕೆ ಒಪ್ಪಿ, ೨೦೨೩ರಲ್ಲಿ ೬೭ನ್ನು ವಿರೋಧಿಸಿತು. ಇದನ್ನು ಬರಿಯ ಚಾಂಚಲ್ಯವೆನ್ನಬಾರದು. ಆ ದೇಶದ ವಿಮಾನಸಂಸ್ಥೆಗಳಲ್ಲಿ ಎಲ್ಲವೂ ಸೇವಾಜ್ಯೇಷ್ಠತೆಯ ಪಟ್ಟಿಯನ್ನು ಅನುಸರಿಸುತ್ತದೆ. ದೊಡ್ಡ ವಿಮಾನ, ನಾಯಕನ ಪೀಠ, ಹಬ್ಬದ ದಿನದ ರಜೆ, ಸಂಬಳ ಎಲ್ಲವೂ. ಮೇಲಿನವನು ಎರಡು ವರ್ಷ ಹೆಚ್ಚು ಕುಳಿತರೆ ಕೆಳಗಿನ ಸಾವಿರಾರು ಮಂದಿ ಎರಡು ವರ್ಷ ನಿಂತಲ್ಲಿಯೇ ನಿಲ್ಲುತ್ತಾರೆ. ೨೦೦೭ರಲ್ಲಿ ಮನಸ್ಸು ತಿರುಗಿದ್ದಕ್ಕೂ ಕಾರಣವಿತ್ತು. ಆ ಶತಮಾನದ ಆದಿಯಲ್ಲಿ ದೊಡ್ಡ ಸಂಸ್ಥೆಗಳು ದಿವಾಳಿಯೆದ್ದು, ಯುನೈಟೆಡ್ ಸಂಸ್ಥೆಯು ೨೦೦೫ರಲ್ಲಿ ಮಾಡಿದಂತೆ, ತಮ್ಮ ಪಿಂಚಣಿಯ ನಿಧಿಗಳನ್ನು ಸರ್ಕಾರದ ವಿಮಾನಿಗಮಕ್ಕೆ ಒಪ್ಪಿಸಿ ಕೈತೊಳೆದುಕೊಂಡಿದ್ದವು. ಆ ನಿಗಮವು ೬೫ಕ್ಕೆ ನಿವೃತ್ತರಾದವರಿಗೆ ಪೂರ್ಣವಾಗಿಯೂ, ೬೦ಕ್ಕೆ ನಿವೃತ್ತರಾದವರಿಗೆ ಕಡಮೆಯಾಗಿಯೂ ಕೊಡತಕ್ಕ ನಿಯಮವುಳ್ಳದ್ದು. ಒಂದು ಕಾಯಿದೆಯು ಅರುವತ್ತಕ್ಕೆ ಹೊರಡು ಎಂದಿತು. ಮತ್ತೊಂದು, ಬೇಗ ಹೊರಟೆಯಾದುದರಿಂದ ಇಷ್ಟೇ ಎಂದಿತು. ಸುರಕ್ಷತೆಯ ಮಾತಿನ ಕೆಳಗೆ ಅನ್ನದ ಮಾತು ಹರಿಯುತ್ತಿರುವುದನ್ನು ಎರಡು ಪಕ್ಷಗಳಲ್ಲಿಯೂ ಕಾಣಬಹುದು.

ದೇಶದೇಶಗಳ ಕ್ರಮವು ಒಂದೇ ತೆರನಲ್ಲ. ಜಪಾನಿನವರು ೨೦೧೫ರಲ್ಲಿ ೬೮ ತುಂಬುವವರೆಗೆ ಅವಕಾಶವಿತ್ತರು. ಆಸ್ಟ್ರೇಲಿಯಾದ ಕಾಯಿದೆಯಲ್ಲಿ ಮೇಲಿನ ಮಿತಿಯೇ ಇಲ್ಲ. ಆದರೂ ಅಲ್ಲಿಯ ಕ್ವಾಂಟಾಸ್ ಸಂಸ್ಥೆಯ ನಾಯಕನೊಬ್ಬನು ೬೦ಕ್ಕೆ ಬಿಡಿಸಿದುದನ್ನು ಪ್ರಶ್ನಿಸಿದಾಗ, ಅನ್ಯದೇಶಗಳು ಅವನನ್ನು ತಮ್ಮ ಆಕಾಶಕ್ಕೆ ಬಿಡದಿರುವುದರಿಂದ ಆ ಕೆಲಸವನ್ನು ಅವನು ಮಾಡಲಾರನೆಂದು ಅಲ್ಲಿಯ ಉಚ್ಚ ನ್ಯಾಯಸ್ಥಾನವು ೧೯೯೮ರಲ್ಲಿ ಹೇಳಿತು. ಯುರೋಪಿನ ನ್ಯಾಯಸ್ಥಾನವು ೨೦೧೧ರಲ್ಲಿ ಲುಫ್ತಾನ್ಸಾ ಸಂಸ್ಥೆಯ ೬೦ರ ಒಪ್ಪಂದವನ್ನು ಪಕ್ಷಪಾತವೆಂದು ತಳ್ಳಿ, ೨೦೧೭ರಲ್ಲಿ ೬೫ರ ವಿಧಿಯನ್ನು ಉಳಿಸಿತು. ಆದರೆ ಪ್ರಯಾಣಿಕರಿಲ್ಲದ ಖಾಲಿ ವಿಮಾನವನ್ನು ಒಯ್ಯುವುದಕ್ಕೂ ಶಿಷ್ಯರಿಗೆ ಕಲಿಸುವುದಕ್ಕೂ ಆ ವಿಧಿಯು ತಗಲುವುದಿಲ್ಲವೆಂದು ವಿವೇಚಿಸಿತು. ಇದು ನನಗೆ ಸರಿಯಾದ ವಿವೇಚನೆಯೆಂದು ತೋರುತ್ತದೆ, ಏಕೆಂದರೆ ವಿಧಿಯ ಪ್ರಯೋಜನವೆಲ್ಲಿಯೋ ಅಲ್ಲಿಯೇ ವಿಧಿಯೂ ನಿಲ್ಲಬೇಕು. ನಮ್ಮ ದೇಶದಲ್ಲಿಯೂ ಈಗ ಮಿತಿಯು ೬೫. ಬೆಂಗಳೂರಿನಲ್ಲಿ ವಾಯುಸೇನೆಯವರು ನಡೆಸುವ ವಿಮಾನವೈದ್ಯಕೀಯ ಸಂಸ್ಥೆಯಲ್ಲಿ ನಾಗರಿಕ ಚಾಲಕರ ದೇಹಪರೀಕ್ಷೆಯೂ ನಡೆಯುತ್ತದೆ. ಅರುವತ್ತು ದಾಟಿದವರು ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಒಳಪಡಬೇಕೆಂಬುದು ಅಂತರರಾಷ್ಟ್ರೀಯ ನಿಯಮ.

ಈಚಿನ ವೃತ್ತಾಂತವು ಇಷ್ಟು. ೨೦೨೩ರ ಜುಲೈಯಲ್ಲಿ ಅಮೆರಿಕಾದ ಪ್ರತಿನಿಧಿಸಭೆಯು ೬೭ನ್ನು ಒಪ್ಪಿತು; ಮೇಲ್ಮನೆಯು ಒಪ್ಪಲಿಲ್ಲ; ೨೦೨೪ರ ಮೇ ೧೬ರಂದು ಸಹಿಯಾದ ಕಾಯಿದೆಯಲ್ಲಿ ಅದು ಬಿಟ್ಟುಹೋಯಿತು. ವಿರೋಧಿಗಳ ಒಂದು ಯುಕ್ತಿಯು ಗಮನಾರ್ಹ: ಅಂತರರಾಷ್ಟ್ರೀಯ ಮಿತಿಯು ೬೫ರಲ್ಲಿಯೇ ಇರುವಾಗ ಒಂದು ದೇಶವು ತಾನೊಂದೇ ಏರಿಸಿದರೆ, ೬೬ರ ನಾಯಕನು ಸಮುದ್ರವನ್ನು ದಾಟುವ ದೊಡ್ಡ ವಿಮಾನವನ್ನು ಬಿಟ್ಟು ಒಳನಾಡಿನ ಸಣ್ಣ ವಿಮಾನಕ್ಕೆ ಬಂದು, ಅದನ್ನು ಹೊಸದಾಗಿ ಕಲಿತು, ಅಲ್ಲಿದ್ದವನನ್ನು ಕೆಳಕ್ಕೆ ನೂಕಬೇಕಾಗುತ್ತದೆ. ಈ ಕಾರಣದಿಂದಲೇ ವಿಮಾನಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವು ೨೦೨೫ರ ಶರತ್ಕಾಲದಲ್ಲಿ ಮಾಂಟ್ರಿಯಲಿನ ಮಹಾಸಭೆಯ ಮುಂದೆ ಸೂಚನೆಯನ್ನಿಟ್ಟಿತು. ಇಬ್ಬರಲ್ಲಿ ಒಬ್ಬನು ೬೫ರ ಒಳಗಿರುವ ನಿರ್ಬಂಧದೊಡನೆ ಮತ್ತೊಬ್ಬನು ೬೭ರವರೆಗೆ ಇರಬಹುದೆಂಬುದು ಅದರ ಸಾರ. ೨೦೦೬ರಲ್ಲಿ ನಡೆದುದೂ ಇದೇ ಮಾದರಿಯಲ್ಲಿ. ಈ ಸಲ ಸಭೆಯು ಅದನ್ನು ಅಂಗೀಕರಿಸಲಿಲ್ಲ.

೨೦೦೭ರ ಅಮೆರಿಕಾದ ಕಾಯಿದೆಯಲ್ಲಿದ್ದ ಒಂದು ವಾಕ್ಯವನ್ನು ಹೇಳಿ ಲೇಖನಿಯನ್ನು ಇಡುತ್ತೇನೆ. ಹೊಸ ಮಿತಿಯು ಸಹಿಯಾದ ದಿನದಿಂದ ಮುಂದಕ್ಕೆ ಮಾತ್ರ; ಅದಕ್ಕೆ ಮುಂಚೆ ೬೦ ತುಂಬಿದವನು ತನ್ನ ಹಳೆಯ ಪೀಠಕ್ಕೆ ಮರಳಲಾರನು, ಮರಳಬೇಕಾದರೆ ಜ್ಯೇಷ್ಠತೆಯನ್ನೆಲ್ಲ ಕಳೆದುಕೊಂಡು ಪಟ್ಟಿಯ ಕಟ್ಟಕಡೆಯಲ್ಲಿ ಹೊಸಬನಾಗಿ ಸೇರಬೇಕು. ಡಿಸೆಂಬರ್ ೧೨ರಂದು ಅರುವತ್ತಾದವನು ಮನೆಗೆ ಹೋದನು. ೧೪ರಂದು ಅರುವತ್ತಾದವನು ಮರುದಿನ ಎಂದಿನಂತೆ ವಿಮಾನನಿಲ್ದಾಣಕ್ಕೆ ಹೋದನು.